ಗೂಟಿ ಗಿಡದ ಬೇರು

"ಕಾಯುವವನಿಗೆ ಅನುಮಾನ ಇರಬೇಕಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಉಗ್ರಾಣದ ಬೀಗದ ಕೈ ಅವನ ಸೊಂಟಕ್ಕೆ ಬಂದು ಎಂಟು ದಿನವಾಗಿತ್ತು. ಅಷ್ಟರಲ್ಲೇ ಅವನು ಅಡುಗೆಯವರಿಬ್ಬರ ಮೇಲೆ ಕಣ್ಣಿಟ್ಟಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಸತ್ತ. ಸಾಯುವ ಮೊದಲು ತನ್ನ ಮನೆ, ತೋಟ, ಸಸಿಮಡಿ ಎಲ್ಲವನ್ನೂ ಊರಿಗೆ ಬರೆದಿಟ್ಟಿದ್ದ. ಮನೆ ಅವನ ಮುತ್ತಜ್ಜ ಕಟ್ಟಿಸಿದ್ದು. ತೋಟದಲ್ಲಿ ಒಂದು ಚಕ್ಕೋತದ ಮರ. ತೊಳೆ ಕೆಂಪು, ಸಿಹಿ. ಅಂಥ ಮರ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ, ಏಕೆಂದರೆ ಅವನ ವಂಶದವರು ಅದರ ಒಂದು ಕಡ್ಡಿಯನ್ನೂ ಹೊರಗೆ ಕೊಟ್ಟವರಲ್ಲ. ಸಾಯುವಾಗ ಅದು ಅವನಿಗೆ ಸರಿಯೆನಿಸಲಿಲ್ಲ. ಹೀಗೆ ಬರೆಸಿದ: ತೋಟದ ಬಾಗಿಲು ಯಾರಿಗೂ ಮುಚ್ಚಬಾರದು. ಮಳೆಗಾಲದಲ್ಲಿ ಕೇಳಿ ಬಂದವರಿಗೆ ಮನೆಗೊಂದು ಗೂಟಿ ಗಿಡ ಕೊಡಬೇಕು. ಪಡೆದವರು ಮೊದಲ ಹಣ್ಣನ್ನು ತಂದು ಈ ಮನೆಯ ಜಗಲಿಯಲ್ಲಿ ಸುಲಿದು ಹಂಚಬೇಕು.

ಗೂಟಿ ಕಟ್ಟುವುದೆಂದರೆ ಕೊಂಬೆಯ ತೊಗಟೆಯನ್ನು ಉಂಗುರದಷ್ಟು ಸುಲಿದು, ಅಲ್ಲಿಗೆ ಒದ್ದೆ ಮಣ್ಣು ಮೆತ್ತಿ ಗೋಣಿ ಸುತ್ತುವುದು. ಎರಡು ತಿಂಗಳಿಗೆ ಕೊಂಬೆಯಲ್ಲೇ ಬೇರು ಬರುತ್ತದೆ. ಕೊಯ್ದು ನೆಟ್ಟರೆ ಮೂರು ವರ್ಷಕ್ಕೆ ಹಣ್ಣು, ತಾಯಿಮರದ್ದೇ ರುಚಿ. ಬೀಜದ ಗಿಡಕ್ಕೆ ಆ ಭರವಸೆಯಿಲ್ಲ.

ಊರವರು ಒಬ್ಬ ತೋಟಗಾರನನ್ನು ಕಾವಲಿಗಿಟ್ಟರು. ಕೆಲಸ ಬಲ್ಲವನು. ಮನೆಯ ತೊಲೆಗಳಿಗೆ ವರ್ಷವರ್ಷವೂ ಎಣ್ಣೆ ಬಳಿದ. ಒಂದು ಹೆಂಚು ಜಾರಲು ಬಿಡಲಿಲ್ಲ. ಆದರೆ ನೋಡಲು ಬಂದವರೆಲ್ಲ ಏನನ್ನೋ ಒಯ್ಯಲು ಬಂದವರೆಂದೇ ಅವನ ಎಣಿಕೆ. ಹೆಂಗಸರ ಮುಡಿ ನೋಡಿದ. ಗಂಡಸರ ಛತ್ರಿ ಬಿಚ್ಚಿಸಿದ. ಪುರೋಹಿತರ ಚೊಂಬಿನೊಳಗೂ ಬಗ್ಗಿ ನೋಡಿದ.

ಗೂಟಿ ಕೇಳುವವರ ಮೇಲೆ ಅವನಿಗೆ ಇನ್ನೂ ಹೆಚ್ಚಿನ ಅನುಮಾನ. ಮನೆಮನೆಗೂ ಈ ಮರವಾದರೆ ಈ ತೋಟದ ಕಡೆ ಯಾರು ತಿರುಗಿ ನೋಡುತ್ತಾರೆ ಎಂದುಕೊಂಡ. ಬೀಜದ ಸಸಿಗಳನ್ನು ಬುಟ್ಟಿಯಲ್ಲಿಟ್ಟು, ಗೂಟಿ ಎಂದು ಹೇಳಿ ಕೊಟ್ಟ. ಆ ಗಿಡಗಳು ತಡವಾಗಿ ಬಿಟ್ಟವು. ಹಣ್ಣು ಹುಳಿ. ಅದನ್ನು ಜಗಲಿಗೆ ತರಲು ಜನ ನಾಚಿದರು. ತಮ್ಮ ಮಣ್ಣೇ ಸರಿಯಿಲ್ಲ ಎಂದುಕೊಂಡು ಸುಮ್ಮನಾದರು.

ಹತ್ತು ವರ್ಷ ಹೀಗೆ ನಡೆಯಿತು. ಹನ್ನೊಂದನೆಯ ವರ್ಷ ಒಬ್ಬ ಹೆಂಗಸು ಹಣ್ಣು ತಂದಳು. ಸಸಿಮಡಿಗೆ ಬುಟ್ಟಿ ಹೆಣೆದು ಕೊಡುತ್ತಿದ್ದವಳು. ಜಗಲಿಯಲ್ಲಿ ಸುಲಿದು ಇದ್ದವರಿಗೆಲ್ಲ ಹಂಚಿದಳು. ತೋಟಗಾರನೂ ಒಂದು ತೊಳೆ ಬಾಯಿಗಿಟ್ಟ. ಸಿಹಿ. ತಾನು ಯಾರಿಗೂ ನಿಜವಾದ ಗೂಟಿ ಕೊಟ್ಟಿಲ್ಲ, ಆದ್ದರಿಂದ ಇವಳು ಕಳ್ಳಿ. ಆದರೆ ಅದನ್ನು ಎಲ್ಲರೆದುರು ಹೇಳುವಂತಿಲ್ಲ. ಜನ ಹೋಗುವವರೆಗೆ ಕಾದು, ಇದು ಎಲ್ಲಿಂದ ಬಂತು ಎಂದು ಕೇಳಿದ.

"ಬೀದಿಗೆ ಚಾಚಿದ ಕೊಂಬೆಗೆ ನಾನೇ ಕಟ್ಟಿಕೊಂಡೆ. ನೀನು ಕೊಟ್ಟದ್ದಕ್ಕೆ ಬೀಜದ ಗಿಡದ ಹಾಗೆ ತಾಯಿಬೇರು ಇತ್ತಲ್ಲಣ್ಣ, ಗೂಟಿಗೆ ಎಲ್ಲಾದರೂ ತಾಯಿಬೇರು ಇರ್ತದಾ? ಬುಟ್ಟಿ ಹೆಣೆದವಳು ನಾನು. ತಳ ನೋಡದೆ ಒಯ್ತೀನಾ?"

"ಅಂದರೆ ಕದ್ದೆ."

"ಊರಿಗೆ ಬರೆದುಕೊಟ್ಟದ್ದನ್ನು ತಗೊಂಡೆ. ಹಣ್ಣು ತಂದೆನಲ್ಲ."

ಅವನು ಬೀಜದ ಸಸಿ ಕೊಟ್ಟದ್ದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದು ಅವಳು ಮಾತು ಕೊಟ್ಟಳು. ಅವನು ಅದನ್ನು ನಂಬಲಿಲ್ಲ.

ಬೀದಿಯ ಕಡೆಯ ಕೊಂಬೆಯನ್ನು ಮರುದಿನವೇ ಕಡಿದ. ಎದೆಯೆತ್ತರದ ಗೋಡೆಯನ್ನು ಕೆಡವಿ, ಎರಡಾಳೆತ್ತರದ ಕಲ್ಲುಗೋಡೆಗೆ ಪಾಯ ತೋಡಿಸಿದ. ಪಾಯಕ್ಕೆ ತೋಳು ಗಾತ್ರದ ಬೇರುಗಳು ಅಡ್ಡ ಬಂದವು. ಕಡಿಸಿದ. ಗೋಡೆ ಎದ್ದಿತು. ಎರಡನೆಯ ಬೇಸಿಗೆಗೆ ಮರ ಎಲೆ ಉದುರಿಸಿತು. ಗಾಬರಿಯಾಗಿ ಅದಕ್ಕೆ ಇಪ್ಪತ್ತು ಗೂಟಿ ಕಟ್ಟಿದ. ಒಂದೂ ಬೇರು ಬಿಡಲಿಲ್ಲ. ಮರ ಸತ್ತಿತು.

ಚಕ್ಕೋತವಿಲ್ಲದ ತೋಟ ಯಾರಿಗೆ ಬೇಕು, ಮನೆ ಒಡೆದು ಸಂತೆಗೆ ಜಾಗ ಮಾಡೋಣ ಎಂದರು ಊರ ಹಿರಿಯರು. ಅದೇ ಚಕ್ಕೋತದ ಗಿಡ ಮತ್ತೆ ಬೇರೂರಿದರೆ ಬಿಡುತ್ತೇವೆ ಎಂದು ಒಂದು ಮಳೆಗಾಲದ ಗಡುವು ಕೊಟ್ಟರು. ಆ ಮನೆಯ ಹೊರತು ತೋಟಗಾರನಿಗೆ ಬೇರೆ ಬದುಕಿರಲಿಲ್ಲ. ಅವನು ಬುಟ್ಟಿಯವಳ ಹಿತ್ತಲಿಗೆ ಹೋಗಿ ನಿಂತ.

ಗೋಡೆ ಮುಗೀತಾ ಅಣ್ಣಾ ಎಂದು ಅವಳು ಕೇಳಿದಳು. ಇನ್ನೇನೂ ಕೇಳಲಿಲ್ಲ. ತನ್ನ ಮರದಲ್ಲಿ ಬೇರು ಬಿಟ್ಟಿದ್ದ ಒಂದು ಗೂಟಿಯನ್ನು ಕೊಯ್ದು ಬುಟ್ಟಿಯಲ್ಲಿಟ್ಟು ಕೊಟ್ಟಳು. "ಬೇರು ಎಳಸು. ನೆಟ್ಟ ಮೇಲೆ ಮುಟ್ಟಬೇಡ" ಎಂದಳು.

ಹಳೆಯ ಮರದ ಜಾಗದಲ್ಲೇ ಅವನು ಅದನ್ನು ನೆಟ್ಟ. ಎರಡು ದಿನ ಅದರ ಮುಂದೆ ಕುಳಿತ. ನಾನು ಇವಳಿಗೆ ಸುಳ್ಳು ಗಿಡ ಕೊಟ್ಟೆ, ಕಳ್ಳಿ ಎಂದೆ. ಇವಳು ನನಗೆ ನಿಜವಾದದ್ದನ್ನು ಏಕೆ ಕೊಡುತ್ತಾಳೆ? ಕೊಯ್ದುಕೊಟ್ಟದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ಬುಟ್ಟಿಗಿಡಲು ಅವಳು ಬೆನ್ನು ತಿರುಗಿಸಿದ್ದು ನೆನಪಾಯಿತು. ಮೂರನೆಯ ದಿನ ಮಣ್ಣು ಕೆದಕಿ, ಗಿಡವನ್ನು ಕಿತ್ತು ನೋಡಿದ. ತಾಯಿಬೇರು ಇರಲಿಲ್ಲ. ಗೂಟಿಯ ಬಿಳಿ ಬೇರುಗಳೇ ಇದ್ದವು. ಅವು ಅವನ ಕೈಯಲ್ಲೇ ಮುರಿದುಬಂದವು.

ಮತ್ತೆ ನೆಟ್ಟ. ಎಂಟು ದಿನಕ್ಕೆ ಒಣಗಿತು. ಆ ಮನೆ ಈಗ ಇಲ್ಲ. ಅಲ್ಲಿ ಸಂತೆ ಸೇರುತ್ತದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಮಳೆಗಾಲ ಇನ್ನೂ ಉಳಿದಿತ್ತಲ್ಲ, ಅವನು ಹೋಗಿ ಇನ್ನೊಂದು ಕೇಳಬಹುದಿತ್ತಲ್ಲ ಎಂದ.

"ಕೇಳಿದ, ಅವಳು ಕೊಟ್ಟಳು, ಅವನು ಅದನ್ನೂ ಕಿತ್ತು ನೋಡಿದ."