ಹೆಬ್ಬಾತುಗಳ ದಾರಿಗೆ ನರಿ ಹೇಳಿದ ಲೆಕ್ಕ

ಒಂದು ಕಾಡಿನಲ್ಲಿ ದೊಡ್ಡ ಕೆರೆಯಿತ್ತು. ವಿಮಾನಕ್ಕೆ ನಿಲ್ದಾಣ ಹೇಗೋ ದೂರ ಹಾರುವ ಹಕ್ಕಿಗಳಿಗೆ ಕೆರೆ ಹಾಗೆ. ಒಂದರಿಂದ ಎದ್ದರೆ ಇನ್ನೊಂದರಲ್ಲೇ ಇಳಿಯಬೇಕು. ಒಮ್ಮೆ ಬಿರುಗಾಳಿಗೆ ಸಿಕ್ಕಿದ ಹೆಬ್ಬಾತುಗಳ ಹಿಂಡು ಈ ಕೆರೆಗೆ ಬಂದು ಬಿತ್ತು. ಎಲ್ಲವೂ ಸೊರಗಿದ್ದವು. ಗೂಡು ಕಟ್ಟುವ ಕಾಲ ಹತ್ತಿರವಾಗಿತ್ತು. ಆದರೆ ತಮ್ಮ ಬೆಟ್ಟದ ಕೆರೆ ಇಲ್ಲಿಂದ ಎಷ್ಟು ದೂರವೆಂದು ಯಾರಿಗೂ ತಿಳಿಯದು. ದೂರ ತಿಳಿಯದಿದ್ದರೆ ಎಷ್ಟು ತಿಂದು ಹೊರಡಬೇಕೆಂಬುದೂ ತಿಳಿಯದು, ಏಕೆಂದರೆ ಆಕಾಶದಲ್ಲಿ ಮೇವು ಸಿಗುವುದಿಲ್ಲ.

ಆಗ ದಡಕ್ಕೆ ಒಂದು ನರಿ ಬಂದಿತು.

"ಬೆಟ್ಟದ ಕೆರೆಯೇ? ಅರ್ಧ ದಿನದ ಹಾರಾಟ, ಅಜ್ಜಿ. ಈಗಲೇ ಹೊರಟುಬಿಡಿ," ಎಂದಿತು.

ಹಿಂಡಿನ ಹಿರಿಯಳಾದ ಬೂದಿರೆಕ್ಕೆಗೆ ಅನುಮಾನ ಬಂತು. ಮಾತನಾಡುವಾಗ ನರಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೊಟ್ಟೆಗಳನ್ನು ನೋಡುತ್ತಿತ್ತು.

"ನಾವು ಹೋದರೆ ನಿನಗೇನು ಲಾಭ, ನರಿಯಪ್ಪ?"

"ನಿಮ್ಮ ಗಲಾಟೆ ನಿಂತರೆ ಕಣ್ತುಂಬ ನಿದ್ದೆ ಮಾಡುತ್ತೇನೆ."

"ದೂರ ಯಾರು ಹೇಳಿದರು?"

"ಹದ್ದು ಮಾವ. ಪ್ರತಿ ತಿಂಗಳು ಹೋಗಿ ಬರುತ್ತಾನೆ."

"ಹೋಗಲು ಅರ್ಧ ದಿನ. ಬರಲು?"

"ಅದೂ ಅರ್ಧ ದಿನವೇ. ಹೋದ ದಾರಿ ಬರುವಾಗ ಉದ್ದವಾಗುತ್ತದೆಯೇ, ಅಜ್ಜಿ?"

ಎಳೆಯ ಬಾತುಗಳು ನಕ್ಕವು. ಬೂದಿರೆಕ್ಕೆ ನಗಲಿಲ್ಲ. ದಾರಿ ಉದ್ದವಾಗುವುದಿಲ್ಲ, ನಿಜ. ಆದರೆ ಗಾಳಿ ಬೆನ್ನಿಗಿದ್ದರೆ ಬೇಗ ತಲುಪುತ್ತೇವೆ, ಎದುರಿಗಿದ್ದರೆ ಅದೇ ದಾರಿಗೆ ಎಷ್ಟೋ ಹೆಚ್ಚು ಹೊತ್ತು ಬೇಕು. ಹಾರುವವರೆಲ್ಲರಿಗೂ ಇದು ಗೊತ್ತು. ಪ್ರತಿ ತಿಂಗಳೂ ಹೋಗಿಬರುವ ಹದ್ದು ಎರಡಕ್ಕೂ ಒಂದೇ ಲೆಕ್ಕ ಹೇಳುವುದಿಲ್ಲ. ಇದು ನೆಲದ ಮೇಲೆ ನಡೆಯುವವನು ಕಟ್ಟಿದ ಮಾತು.

"ಆಗಲಿ, ಹೊರಡುತ್ತೇವೆ," ಎಂದಳು. ಯಾವಾಗ ಎಂದು ಹೇಳಲಿಲ್ಲ.

ನರಿ ತನ್ನ ಬಳಗದ ಕಡೆಗೆ ಓಡಿತು. "ಹಸಿದ ಹೊಟ್ಟೆಯಲ್ಲಿ ಹೊರಡುತ್ತಿವೆ. ನಾಳೆ ಮಧ್ಯಾಹ್ನದೊಳಗೆ ಕಾಡಿನಾಚೆಯ ಬಯಲಿನಲ್ಲಿ ದಣಿದು ಬೀಳುತ್ತವೆ. ಯಾರೂ ಬೇಟೆಗೆ ಹೋಗಬೇಡಿ," ಎಂದಿತು.

ನರಿಗಳೆಲ್ಲ ಬಯಲಿನಲ್ಲಿ ಕಾದವು. ನಾಳೆ ಕಳೆಯಿತು, ನಾಡಿದ್ದೂ ಕಳೆಯಿತು. ಇತ್ತ ಬೂದಿರೆಕ್ಕೆ, "ದೂರ ತಿಳಿಯದವರು ಹೆಚ್ಚೇ ತಿನ್ನಬೇಕು," ಎಂದು ಹಿಂಡಿಗೆ ಹೊಟ್ಟೆ ತುಂಬ ಹುಲ್ಲು ಮೇಯಿಸಿದಳು. ಆರನೆಯ ದಿನ, ಗಾಳಿ ಬೆನ್ನಿಗೆ ತಿರುಗಿದ ಮೇಲೆ, ಹೆಬ್ಬಾತುಗಳು ಎದ್ದವು. ಬಯಲಿನ ಮೇಲೆ ಎತ್ತರದಲ್ಲಿ ಹಾದುಹೋದವು. ಒಂದೂ ಬೀಳಲಿಲ್ಲ.

"ಐದು ದಿನ ನಮ್ಮ ಮೂಗಿಗೆ ತುಪ್ಪ ಸವರಿದೆಯಲ್ಲ, ಮಾರಾಯ. ನಿನ್ನ ನಾಳೆ ಯಾವಾಗ ಬರುತ್ತದೆ?" ಎಂದು ಒಂದು ಮುದಿ ನರಿ ಕೇಳಿತು. ಉತ್ತರಕ್ಕೆ ಯಾರೂ ಕಾಯಲಿಲ್ಲ. ಹಸಿದ ಬಳಗ ಲೆಕ್ಕ ಹೇಳಿದ ನರಿಯನ್ನು ಕಚ್ಚಿ, ಬಯಲು ದಾಟುವವರೆಗೂ ಅಟ್ಟಿತು.

ಹೆಬ್ಬಾತುಗಳು ಎರಡು ಹಗಲು, ಒಂದು ರಾತ್ರಿ ಹಾರಿ ಬೆಟ್ಟದ ಕೆರೆಗೆ ಇಳಿದವು. ಗಾಳಿ ಬೆನ್ನಿಗಿದ್ದೂ ಅಷ್ಟು ಹೊತ್ತು ಬೇಕಾಯಿತು.

ನೀತಿ: ತಾನು ಹೋಗದ ದಾರಿಯ ಲೆಕ್ಕ ಹೇಳುವವನನ್ನು ಪ್ರಶ್ನಿಸದೆ ಹೊರಡಬಾರದು.