ಕೆಂಗೋಟೆಯ ಖಾಲಿ ಮನೆಗಳು

ಕೆಂಗೋಟೆಯ ಅರಸ ಊರಿನ ಬೀದಿಬೀದಿಯಲ್ಲೂ ಡಂಗುರ ಸಾರಿಸಿದ. ಕೋಟೆಯ ಹಿಂದಿನ ಸಾಲುಮನೆಗಳಲ್ಲಿ ಬ್ರಹ್ಮರಾಕ್ಷಸನೊಬ್ಬ ಸೇರಿಕೊಂಡಿದ್ದಾನೆ. ಅವನ ಮೂರು ಒಗಟು ಬಿಡಿಸಿದವರಿಗೆ ಅಷ್ಟೂ ಮನೆಗಳು ಸ್ವಂತ, ಬಾಡಿಗೆಗೆ ಕೊಟ್ಟುಕೊಂಡು ಬದುಕಬಹುದು. ತಪ್ಪಿದವರ ಪ್ರಾಣಕ್ಕೆ ಅರಮನೆ ಹೊಣೆಯಲ್ಲ.

ಕೂತಲ್ಲೇ ಬಾಡಿಗೆ ತಿನ್ನುವ ಆಸೆಗೆ ಜನ ನುಗ್ಗಿದರು. ಒಳಗೆ ಹೋದವರು ಹೊರಗೆ ಬರಲಿಲ್ಲ. ಮಜ್ಜಿಗೆ ಮಾರುವ ನಿಂಗಾಜಿಯ ಅಣ್ಣ ದಾಸಯ್ಯನೂ ಅವರಲ್ಲೊಬ್ಬ. ತಂದೆತಾಯಿ ಇಲ್ಲದ ಆ ಇಬ್ಬರೂ ಬೇರೆಯವರ ಮನೆಗಳಲ್ಲಿ ಬಾಡಿಗೆಗಿದ್ದೇ ದೊಡ್ಡವರಾದವರು. ತಂಗಿಗೊಂದು ನೆಲೆ ಮಾಡಬೇಕೆಂದು ಅಣ್ಣ ಹೋಗಿದ್ದ. ಅವನಿಲ್ಲದ ಮನೆಯಲ್ಲಿ ಒಬ್ಬಳೇ ಕೂತು ಕಾಯುವುದು ನಿಂಗಾಜಿಗೆ ಸಾವಿಗಿಂತ ಕಷ್ಟವಾಯಿತು. ಕೊನೆಗೆ ಅವಳೂ ಹೊರಟಳು.

ರಾಕ್ಷಸನಿದ್ದ ಮನೆಯ ಬಾಗಿಲು ತೆರೆಯುತ್ತಿದ್ದುದು ಮಟಮಟ ಮಧ್ಯಾಹ್ನ. ಅಂದು ಅವಳಿಗಿಂತ ಮೊದಲು ಇಬ್ಬರು ಬಂದಿದ್ದರು, ವರ್ತಕರ ಮಗ ರಂಗಶೆಟ್ಟಿ ಮತ್ತು ಕೋಟೆಯ ಸಿಪಾಯಿ ವೀರನಾಯಕ. ಮೂವರೂ ಒಳಗೆ ಕಾಲಿಟ್ಟೊಡನೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಿಂಗಾಜಿ ಗೋಡೆಗೆ ಕೈ ಊರಿದಳು. ಗೋಡೆ ಜ್ವರ ಬಂದವರ ಮೈಯಂತೆ ಬಿಸಿಯಾಗಿತ್ತು. ಸುಣ್ಣದ ಅಡಿಯಲ್ಲಿ ಏನೋ ಉಬ್ಬಿಕೊಂಡಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತಿಳಿಯಿತು, ಅವು ಮುಖಗಳು. ಒಂದು ಮುಖದ ಮೂಗು, ಗಲ್ಲ ಎಲ್ಲವೂ ದಾಸಯ್ಯನದೇ.

ಮೇಲಿನ ತೊಲೆಯಿಂದ ದನಿ ಬಂತು. ಕಾಯಿಲೆಯವರು ನೀರು ಕೇಳುವಂಥ ಸಣ್ಣ ದನಿ.

"ಹೊಟ್ಟೆ ತುಂಬಿದ್ದಾಗ ಯಜಮಾನನಿಗೆ ಅನ್ನ ಹಾಕುತ್ತದೆ. ಹೊಟ್ಟೆ ಬರಿದಾದರೆ ಯಜಮಾನನನ್ನೇ ತಿನ್ನುತ್ತದೆ. ಯಾವುದದು?"

ರಂಗಶೆಟ್ಟಿ ತಡಮಾಡದೆ ಕಣಜ ಎಂದ. ಗೋಡೆ ಹಸಿ ಜೇಡಿಯಂತೆ ಬಾಯಿ ಬಿಟ್ಟು ಅವನ ತೋಳು ಹಿಡಿಯಿತು. ಅವನು ಅಪ್ಪನನ್ನು ಕೂಗುತ್ತಿದ್ದಂತೆಯೇ ಸುಣ್ಣ ಅವನ ಬಾಯಿಯ ಮೇಲೆ ಮುಚ್ಚಿಕೊಂಡಿತು.

ವೀರನಾಯಕ ಸುತ್ತ ನೋಡಿ, ಬಾಡಿಗೆಯ ಮನೆ ಎಂದ. ಗೋಡೆ ಸುಮ್ಮನಿತ್ತು. ಎರಡನೆಯ ಒಗಟು ಬಂತು.

"ಅದು ಮನೆಯೊಳಗಿಲ್ಲ. ಮನೆ ಕೊಳ್ಳುವವನು ಅದನ್ನು ನೋಡದೆಯೇ ಬೆಲೆ ಕೊಡುತ್ತಾನೆ. ಬಾಡಿಗೆಗೆ ಬರುವವಳು ಮೊದಲು ಅದನ್ನೇ ನೋಡುತ್ತಾಳೆ. ಏನದು?"

ಸಿಪಾಯಿ ಯೋಚಿಸಿ, ಕಾವಲು ಎಂದ. ಅವನ ಕತ್ತಿ ಮಾತ್ರ ನೆಲದ ಮೇಲೆ ಉಳಿಯಿತು.

ಈಗ ನಿಂಗಾಜಿಯ ಸರದಿ. ದನಿ ಮತ್ತೆ ಮೊದಲ ಒಗಟಿನಿಂದಲೇ ಶುರುಮಾಡಿತು. ಅದಕ್ಕೆ ಅವಳೂ ಬಾಡಿಗೆಯ ಮನೆ ಎಂದಾಗ ದನಿ ಒಪ್ಪಲಿಲ್ಲ. ಗೋಡೆ ಸೇರಿದವನ ಮಾತನ್ನೇ ಹೇಳಿದರೆ ಸಾಲದು, ಅದು ಹೇಗೆ ತಿನ್ನುತ್ತದೆ ಹೇಳು ಎಂದಿತು.

"ಬಾಡಿಗೆಯವರು ಬಿಟ್ಟುಹೋದರೂ ಕಂದಾಯ ನಿಲ್ಲುವುದಿಲ್ಲ, ಬುದ್ಧೀ. ಮನೆ ಕೊಳ್ಳಲು ಮಾಡಿದ ಸಾಲದ ಬಡ್ಡಿ ನಿಲ್ಲುವುದಿಲ್ಲ. ಗೆದ್ದಲೂ ನಿಲ್ಲುವುದಿಲ್ಲ. ಖಾಲಿ ಬೀಳುವ ತಿಂಗಳುಗಳಿಗೆಂದು ಮೊದಲೇ ಎತ್ತಿಡದವನನ್ನು ಅದು ಹಾಗೇ ತಿಂದುಹಾಕುತ್ತದೆ."

ಎರಡನೆಯದಕ್ಕೆ ಅವಳು ಕಣ್ಣು ಮುಚ್ಚಿದಳು. ನಾನೂ ಅಣ್ಣನೂ ಹೊಸ ಮನೆ ಕೇಳಲು ಹೋದಾಗ ಮೊದಲು ಏನು ಮಾಡುತ್ತಿದ್ದೆವು? ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದೆವು.

"ಬೀದಿ," ಎಂದಳು. "ಬಾವಿ ಎಷ್ಟು ದೂರ, ಕೆಲಸಕ್ಕೆ ನಡೆದು ಹೋಗಬಹುದೇ, ಅಕ್ಕಪಕ್ಕದವರು ಎಂಥವರು ಎಂದು ಮೊದಲು ನೋಡುತ್ತೇವೆ. ಗೋಡೆ ಕೆಟ್ಟಿದ್ದರೆ ಸರಿಮಾಡಿಸಬಹುದು. ಬೀದಿ ಕೆಟ್ಟಿದ್ದರೆ ಮನೆಯ ಯಜಮಾನ ಏನು ಮಾಡಲಾದೀತು?"

ದನಿ ಹತ್ತಿರ ಬಂತು. ಈಗ ಅದು ಅವಳ ಕಿವಿಯ ಪಕ್ಕದಲ್ಲೇ ಉಸಿರಾಡುತ್ತಿತ್ತು.

"ಪ್ರತಿ ಬಾಡಿಗೆಯಲ್ಲೂ ಒಂದು ಪಾಲಿದೆ. ಅದು ಕೊಟ್ಟವರದಲ್ಲ, ಪಡೆದವರದಲ್ಲ, ಅರಸನದೂ ಅಲ್ಲ. ಅದರ ಒಡೆಯ ಬಾಯಿಬಿಟ್ಟು ಕೇಳುವುದಿಲ್ಲ. ಕೊಡದೆ ಹೋದರೆ ಒಂದು ದಿನ ಕೊಲ್ಲುತ್ತಾನೆ. ಯಾರವನು?"

ದೇವರು ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಾಲಡಿಯ ನೆಲ ಮೆತ್ತಗಾಗಿ ಹಿಮ್ಮಡಿ ಒಳಗಿಳಿಯಿತು. ತಡವಾದರೂ ಸಾವೇ ಎಂದು ತಿಳಿಯಿತು. ನೆಲ ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು. ಮೇಲೆ ತೊಲೆ ಕಿರ್ರೆಂದಿತು. ಉದುರಿದ ಮರದ ಪುಡಿ ಅವಳ ಕಣ್ಣಿಗೆ ಬಿತ್ತು. ಉಜ್ಜಿಕೊಂಡು ತಲೆಯೆತ್ತಿದರೆ, ಗೆದ್ದಲು ತಿಂದು ಟೊಳ್ಳಾದ ತೊಲೆ ನೆತ್ತಿಯ ಮೇಲೆಯೇ ಬಾಗಿ ನಿಂತಿತ್ತು.

"ಮನೆ," ಎಂದಳು ನಿಂಗಾಜಿ. "ಆ ಪಾಲು ಮನೆಯದೇ. ತೊಲೆಗೆ, ಹೆಂಚಿಗೆ, ಗೋಡೆಗೆ ಅಂತ ಅದನ್ನು ಎತ್ತಿಡಬೇಕು. ಬಂದದ್ದೆಲ್ಲ ತನ್ನದೆಂದು ಯಜಮಾನ ತಿಂದರೆ ಸೂರು ಬೀಳುತ್ತದೆ."

ನೆಲ ಏರುವುದು ಅಲ್ಲಿಗೇ ನಿಂತಿತು. ಆಮೇಲೆ ದನಿ ಹೇಳಿತು, "ಬದುಕಿದ್ದಾಗ ಈ ಮನೆಗಳು ನನ್ನವು. ನಾನು ಆ ಪಾಲನ್ನೂ ತಿಂದೆ. ಒಂದು ಮನೆಯ ತೊಲೆ ಬಿದ್ದಾಗ ಒಳಗೆ ಒಬ್ಬ ತಾಯಿ, ಅವಳ ಕೂಸು ಮಲಗಿದ್ದರು."

ಮತ್ತೆ ಆ ದನಿ ಯಾರಿಗೂ ಕೇಳಿಸಲಿಲ್ಲ. ಗೋಡೆಗಳು ಬಿರಿದವು, ನಿಂಗಾಜಿಯನ್ನು ಹಿಡಿದಿದ್ದ ನೆಲ ಸಡಿಲವಾಯಿತು. ಸುಣ್ಣ ಮೆತ್ತಿದ ಜನ ಕೆಮ್ಮುತ್ತ ನೆಲಕ್ಕೆ ಉರುಳಿದರು. ದಾಸಯ್ಯ ತಂಗಿಯ ಕೈಹಿಡಿದು ಎಳೆದುಕೊಂಡು ಹೊರಗೆ ಬಂದ. ಏನಾಯಿತೆಂದು ಕೇಳಿದರೆ ಅವನಿಗೆ ಮಾತೇ ಬರುತ್ತಿರಲಿಲ್ಲ.

ಅರಸ ಮಾತಿಗೆ ತಪ್ಪಲಿಲ್ಲ. ಸಾಲುಮನೆಗಳ ಅಷ್ಟೂ ಬೀಗದಕೈಗಳನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ನೀಡಿದ. ನಿಂಗಾಜಿ ಕೈಮುಗಿದು, ಬಾವಿಗೆ ಹತ್ತಿರವಿದ್ದ ಒಂದು ಮನೆಯ ಬೀಗದಕೈ ಮಾತ್ರ ತೆಗೆದುಕೊಂಡಳು. ಉಳಿದವು ಅರಮನೆಯಲ್ಲೇ ಇರಲಿ, ಈ ಒಂದನ್ನು ನೋಡಿಕೊಳ್ಳಲು ಕಲಿತ ಮೇಲೆ ಬಂದು ಕೇಳುತ್ತೇನೆ ಎಂದು ಬಿನ್ನವಿಸಿದಳು. ಸಭೆ ನಕ್ಕಿತು. ಅರಸ ನಗಲಿಲ್ಲ, ಆಗಲಿ ಎಂದ.

ದಾರಿಯಲ್ಲಿ ದಾಸಯ್ಯನಿಗೆ ಮೊದಲ ಮಾತು ಹೊರಟಿತು. ಸಿಕ್ಕಿದ್ದನ್ನು ಯಾಕೆ ಬಿಟ್ಟುಬಂದೆ ಎಂದು ಕೇಳಿದ.

"ಒಂದು ಮನೆಯ ಹಸಿವು ನೋಡಿದೀನಿ, ಅಣ್ಣ. ಅಷ್ಟನ್ನೂ ಒಟ್ಟಿಗೆ ಸಾಕುವ ಧೈರ್ಯ ನನಗಿಲ್ಲ."

ಅವನು ತಲೆಯ ಸುಣ್ಣ ಕೊಡವಿಕೊಂಡು, ಆ ಮನೆಯ ಹಳೆಯ ತೊಲೆ ಬದಲಿಸಲು ಬಡಗಿಯನ್ನು ಕರೆತರುತ್ತೇನೆಂದು ಹೊರಟ. ಅವರಿಬ್ಬರೂ ಬರುವವರೆಗೆ ನಿಂಗಾಜಿ ತನ್ನ ಸ್ವಂತ ಮನೆಯ ಮುಂದೆ ಬಿಸಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.