ಹಾಡಿನ ಡಬ್ಬಿಗೆ ಏನೂ ಆಗಲಿಲ್ಲ

"ಗುರುಗಳೇ, ನಾಳೆ ಬೆಳಿಗ್ಗೆ ಮಠ ಬಿಟ್ಟು ಹೊರಡುತ್ತೇನೆ. ಹೊರಡುವ ಮುನ್ನ ಯಾರಿಗೆಲ್ಲ ನಮಸ್ಕಾರ ಮಾಡಿ ಹೋಗಬೇಕು?"

ಹನ್ನೊಂದು ವರ್ಷ ಮಠದಲ್ಲಿದ್ದು ಓದಿದ ಮರುಳಸಿದ್ಧ ಹೀಗೆ ಕೇಳಿದ. ಪಡಸಾಲೆಯ ಒಂದು ತುದಿಯಲ್ಲಿ ಗುರುಗಳು ಕುಳಿತಿದ್ದರು. ಇನ್ನೊಂದು ತುದಿಯಲ್ಲಿ ಅಡುಗೆಯ ಅಜ್ಜಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು.

"ನೀನೇ ಯೋಚಿಸಿಕೊಂಡು ಬಂದಿರಬೇಕಲ್ಲ, ಹೇಳು," ಎಂದರು ಗುರುಗಳು.

"ಪಾಠ ಹೇಳಿದ ನಿಮಗೆ. ಜ್ವರದಲ್ಲಿ ಬದುಕಿಸಿದ ವೈದ್ಯರಿಗೆ. ನನ್ನ ಮೊದಲ ಪ್ರವಚನಕ್ಕೆ ಶಾಲು ಹೊದಿಸಿದ ಗೌಡರಿಗೆ. ಉಳಿದವರಿಂದ ನನಗೆ ಏನೂ ಆಗಿಲ್ಲ."

"ಏನೂ ಆಗಿಲ್ಲ ಎಂದರೆ ಅದೇನು ಸಣ್ಣ ಮಾತೇ?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಹೊಳೆ ಸಮುದ್ರ ಸೇರುವ ಒಂದು ಊರಿನಲ್ಲಿ ದೋಣಿ ದುರಸ್ತಿ ಮಾಡುವವನೊಬ್ಬನಿದ್ದ. ಹಲಗೆಗಳ ಸಂದಿಗೆ ಹತ್ತಿಯ ಎಳೆ ಒತ್ತಿ, ಮೇಲೆ ರಾಳ ಹಚ್ಚಿ, ನೀರು ನುಗ್ಗದಂತೆ ಮಾಡುವುದು ಅವನ ಕಸುಬು. ಅವನಿಗೆ ಹದಿನೈದು ವರ್ಷದ ಮಗಳು. ಆ ವಯಸ್ಸಿನ ಮಕ್ಕಳ ಕಣ್ಣಿಗೆ ಅಪ್ಪನಿಗೆ ಏನೂ ತಿಳಿಯುವುದಿಲ್ಲ. ಆ ವಯಸ್ಸಿನಲ್ಲಿ ನನಗೂ ಹಾಗೇ ಕಾಣುತ್ತಿತ್ತು.

ಹುಡುಗಿಗೆ ಹಾಡೆಂದರೆ ಪ್ರಾಣ. ಅವಳಿಗೆ ಹಾಡು ಕಲಿಸುತ್ತಿದ್ದ ಟೀಚರಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ಮುನ್ನ ಅವರು ಒಂದು ಪುಟ್ಟ ಮ್ಯೂಸಿಕ್ ಪ್ಲೇಯರಿನಲ್ಲಿ ಎಲ್ಲ ಪಾಠಗಳನ್ನೂ ತಮ್ಮ ದನಿಯಲ್ಲೇ ಹಾಡಿ ತುಂಬಿ ಕೊಟ್ಟರು. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆ ಯಂತ್ರ ಕೆಟ್ಟರೆ ಹುಡುಗಿಯ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು.

ಆದರೆ ಕಲಿಯಲು ಹೊತ್ತೆಲ್ಲಿ? ಬೆಳಿಗ್ಗೆ ನೀರು ಇಳಿದಾಗ ತಾಯಿಯ ಜೊತೆ ಹೊಳೆಗಿಳಿದು ಚಿಪ್ಪಿ ಹೆಕ್ಕಬೇಕು, ಬಂದು ಶಾಲೆಗೆ ಓಡಬೇಕು, ಸಂಜೆ ತಮ್ಮಂದಿರನ್ನು ನೋಡಿಕೊಳ್ಳಬೇಕು. ಎದೆಮಟ್ಟದ ನೀರಿನಲ್ಲಿ ನಿಂತು ಕಾಲಬೆರಳಿನಿಂದ ಚಿಪ್ಪಿ ಹುಡುಕುವ ಆ ಎರಡು ತಾಸು ಮಾತ್ರ ಅವಳ ಕಿವಿಗೆ ಬಿಡುವು. ಇದನ್ನು ಕೇಳಿದ ಅವಳ ಸೋದರಮಾವ ಪೇಟೆಯಿಂದ ನೀರು ಹೋಗದ ಡಬ್ಬಿಯೊಂದನ್ನು ತಂದುಕೊಟ್ಟ. ಗಾಜಿನಂತೆ ತಿಳಿಯಾದ ಡಬ್ಬಿ. ಮುಚ್ಚಳಕ್ಕೆ ರಬ್ಬರಿನ ಬಳೆ. ಪ್ಲೇಯರನ್ನು ಒಳಗಿಟ್ಟು, ಡಬ್ಬಿಯಿಂದ ಹೊರಬರುವ ವಯರನ್ನು ಕಿವಿಗೆ ಸಿಕ್ಕಿಸಿ, ಕೊರಳಿಗೆ ನೇತುಹಾಕಿಕೊಂಡರಾಯಿತು. ನೀರಿನಲ್ಲಿ ಮುಳುಗಿದರೂ ಏನೂ ಆಗದು ಎಂದು ಮೇಲೆ ಬರೆದಿತ್ತು.

"ನಾಲ್ಕು ದಿನ ನನ್ನ ಹತ್ತಿರ ಇರಲಿ," ಎಂದು ಅಪ್ಪ ಡಬ್ಬಿಯನ್ನು ತೆಗೆದುಕೊಂಡು ಹೋದ.

ಮರುದಿನ ಹುಡುಗಿ ದಡಕ್ಕೆ ಹೋಗಿ ನೋಡಿದಳು. ಅಪ್ಪ ಡಬ್ಬಿಯ ತುಂಬ ನೀರು ತುಂಬಿಸಿ, ಮುಚ್ಚಿ, ಒಣ ಬೂದಿಯ ಮೇಲೆ ಮಲಗಿಸಿದ್ದ. ಹುಡುಗಿಗೆ ಅಳು ಬಂತು, ಸಿಟ್ಟೂ ಬಂತು.

"ಎಂತ ಮಾಡಿದ್ದು ಅಪ್ಪಯ್ಯ? ನೀರು ಹೋಗಬಾರದು ಅಂತ ತಂದ ಡಬ್ಬಿಗೆ ನೀರೇ ತುಂಬಿಸಿದಿರಲ್ಲ!"

"ದೋಣಿ ನೋಡೂದೂ ಹೀಗೇ ಮಗಾ. ಒಳಗಿನ ನೀರು ಹೊರಗೆ ಬರೂದಿಲ್ಲ ಅಂದ್ರೆ ಹೊರಗಿನ ನೀರು ಒಳಗೆ ಹೋಗೂದಿಲ್ಲ."

"ಇದು ದೋಣಿ ಅಲ್ಲ, ಪೇಟೆಯ ಸಾಮಾನು," ಎಂದು ಅವಳು ಮುಖ ತಿರುಗಿಸಿಕೊಂಡು ಹೋದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಐದನೆಯ ದಿನ ಅಪ್ಪ ಡಬ್ಬಿಯನ್ನು ಒರೆಸಿ ಅವಳ ಕೈಗಿಟ್ಟ. ಒಂದು ಮೂಲೆಯಲ್ಲಿ ಸಣ್ಣ ಗೀರು ಬಿದ್ದಿತ್ತು. ಹೊಸ ಡಬ್ಬಿಯ ಅಂದ ಕೆಡಿಸಿದರೆಂದು ಹುಡುಗಿ ಎರಡು ದಿನ ಅಪ್ಪನೊಡನೆ ಮಾತು ಬಿಟ್ಟಳು.

ಅಂದಿನಿಂದ ಅವಳ ಬೆಳಗುಗಳು ಬದಲಾದವು. ಕಾಲಬೆರಳು ಕೆಸರಿನಲ್ಲಿ ಚಿಪ್ಪಿ ಹುಡುಕುತ್ತಿದ್ದರೆ ಕಿವಿಯಲ್ಲಿ ಟೀಚರು ಹಾಡುತ್ತಿದ್ದರು. ಅವರ ಹಿಂದೆ ಅವಳೂ ಹಾಡುತ್ತಿದ್ದಳು. ಹೊಳೆಯಲ್ಲಿದ್ದ ಹೆಂಗಸರು ಮೊದಮೊದಲು ನಕ್ಕರು. ಆಮೇಲೆ ಅವಳು ಒಂದು ದಿನ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳತೊಡಗಿದರು.

ಒಂದು ದಿನ ಹೊಳೆಗೆ ಉಬ್ಬರ ತಿರುಗುವ ಹೊತ್ತು. ಸೆಳೆತಕ್ಕೆ ಹುಡುಗಿಯ ಕಾಲು ಜಾರಿತು. ತಾಯಿ ಕೈಹಿಡಿದು ಎತ್ತಿ ನಿಲ್ಲಿಸಿದಳು. ಆದರೆ ಕೊರಳಿನ ದಾರ ಹರಿದು ಡಬ್ಬಿ ನೀರಿನೊಳಗೆ ಹೋಗಿತ್ತು. ತಾಯಿ, ಮಗಳು, ಅಕ್ಕಪಕ್ಕದ ಹೆಂಗಸರು, ಎಲ್ಲರೂ ಸಾಲಾಗಿ ನಿಂತು ಚಿಪ್ಪಿ ಹುಡುಕುವ ಹಾಗೆ ಕಾಲಿನಿಂದಲೇ ಹುಡುಕಿದರು. ನೀರು ಏರುತ್ತ ಬಂತು. ಎದೆಗಿದ್ದದ್ದು ಭುಜಕ್ಕೆ ಬಂದಾಗ ಹುಡುಗಿಯ ಬೆರಳಿಗೆ ಚಿಪ್ಪಿಗಿಂತ ನುಣುಪಾದ ಏನೋ ತಗುಲಿತು. ಮುಳುಗಿ ಎತ್ತಿದಳು.

ದಡಕ್ಕೆ ಬಂದು, ವಯರಿನ ನೀರು ಕೊಡವಿ ಕಿವಿಗಿಟ್ಟಳು. ಟೀಚರು ಇನ್ನೂ ಹಾಡುತ್ತಲೇ ಇದ್ದರು.

"ಏನೂ ಆಗಲಿಲ್ಲ!" ಎಂದು ಹುಡುಗಿ ಕೂಗಿ ಅತ್ತುಬಿಟ್ಟಳು. ಹೊಳೆಗೆ ಕೈ ಮುಗಿದಳು. ಹುಡುಕಿಕೊಟ್ಟ ಹೆಂಗಸರ ಕೈಹಿಡಿದಳು. ಮನೆಗೆ ಓಡಿ ಮಾವನಿಗೆ ಫೋನು ಮಾಡಿ, ನೀವು ಕೊಟ್ಟ ಡಬ್ಬಿ ನನ್ನ ವಿದ್ಯೆ ಉಳಿಸಿತು ಎಂದಳು. ಅಪ್ಪ ಅಲ್ಲೇ ಊಟಕ್ಕೆ ಕುಳಿತಿದ್ದ. ಒಳ್ಳೆಯದಾಯಿತು ಎಂದು ಹೇಳಿ ಉಂಡು ಎದ್ದ.

ವರ್ಷ ಕಳೆಯಿತು. ಮುಚ್ಚಳದ ರಬ್ಬರು ಸಡಿಲವಾಯಿತು. ಬೇರೆ ಹಾಕೋಣವೆಂದು ಹುಡುಗಿ ಅದನ್ನು ಸೂಜಿಯಿಂದ ಎಬ್ಬಿಸಿದಳು. ಕೆಳಗೆ, ಗೀರು ಬಿದ್ದ ಮೂಲೆಯಲ್ಲಿ, ಕೂದಲಿನಷ್ಟು ತೆಳುವಾದ ಹತ್ತಿಯ ಎಳೆಯೊಂದು ಕೂತಿತ್ತು. ಮೂಸಿದಳು. ರಾಳದ ವಾಸನೆ. ಅಪ್ಪನ ಅಂಗಿಯ ವಾಸನೆ.

ಆಗ ಅವಳಿಗೆ ಗೀರಿನ ಗುರುತು ಸಿಕ್ಕಿತು. ದೋಣಿಗೆ ನೀರು ತುಂಬಿಸಿ, ಎಲ್ಲಿ ಹನಿ ಕಾಣುತ್ತದೋ ಅಲ್ಲಿ ಅಪ್ಪ ಮೊಳೆಯಿಂದ ಗೀರುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅದೇ ಗೀರನ್ನು ವರ್ಷವಿಡೀ ಎದೆಯ ಮೇಲೆ ಹೊತ್ತು ತಿರುಗಿದರೂ ಗುರುತು ಹಿಡಿದಿರಲಿಲ್ಲ.

ಅವಳು ದಡಕ್ಕೆ ಓಡಿದಳು. ಅಪ್ಪ ಒಂದು ಹಳೆಯ ದೋಣಿಯ ಕೆಳಗೆ ಕುಳಿತು ಹತ್ತಿ ಒತ್ತುತ್ತಿದ್ದ.

"ಅಪ್ಪಯ್ಯ, ಹೊಸ ಡಬ್ಬಿ ಸೋರುತ್ತಿತ್ತಾ? ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹಾಡು ಕೇಳೂದು ಬಿಟ್ಟು ಡಬ್ಬಿ ನೋಡ್ತಾ ನಿಲ್ತಿದ್ದೆ."

ಹುಡುಗಿ ಹೊಳೆಯ ಕಡೆ ನೋಡಿದಳು. ಹತ್ತಾರು ದೋಣಿಗಳು ಮರಳಿ ಬರುತ್ತಿದ್ದವು. ಎಲ್ಲವೂ ಅಪ್ಪನ ಕೈ ದಾಟಿ ಹೋದವೇ. ದೋಣಿ ಮುಳುಗಿದರೆ ಊರೆಲ್ಲ ಅವನ ಬಾಗಿಲಿಗೆ ಬರುತ್ತಿತ್ತು. ಮುಳುಗಲಿಲ್ಲ ಎಂದು ಹೇಳಲು ಈವರೆಗೆ ಯಾರೂ ಬಂದಿರಲಿಲ್ಲ. ತಾನೂ ಬಂದಿರಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಇಂಥ ಅಪ್ಪ ಸಿಕ್ಕಿದನಲ್ಲ ಎಂದು ಮನಸ್ಸು ತುಂಬಿ ಬಂತು. ಅವಳು ಬಗ್ಗಿ ಅವನ ರಾಳ ಮೆತ್ತಿದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪಕ್ಕದಲ್ಲೇ ಮರಳಿನ ಮೇಲೆ ಕುಳಿತು, ಕಲಿತ ಹಾಡುಗಳನ್ನು ಮೊದಲಿನಿಂದ ಒಂದೊಂದಾಗಿ ಹಾಡಿದಳು. ಅಪ್ಪ ಕೆಲಸ ಬಿಡಲಿಲ್ಲ. ಆದರೆ ಆ ದಿನ ಆ ಒಂದು ಸಂದಿಗೆ ಹತ್ತಿ ಒತ್ತಿ ಮುಗಿಸಲು ಅವನಿಗೆ ಸಂಜೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಪಡಸಾಲೆಯ ಆ ತುದಿಯಿಂದ ಅಜ್ಜಿ ಅಕ್ಕಿ ಕೇರುವ ಸದ್ದು ಬರುತ್ತಿತ್ತು. ಮರುಳಸಿದ್ಧ ಮುಂದಿನ ಮಾತಿಗಾಗಿ ಕಾದ.

"ಹನ್ನೊಂದು ವರ್ಷ ಇಲ್ಲಿ ಉಂಡೆಯಲ್ಲ ಮಗು, ನಿನ್ನ ಅನ್ನದಲ್ಲಿ ಎಷ್ಟು ಸಲ ಕಲ್ಲು ಸಿಕ್ಕಿತು?" ಎಂದರು ಗುರುಗಳು.

ಮರುಳಸಿದ್ಧ ಎದ್ದು ಪಡಸಾಲೆಯ ಆ ತುದಿಗೆ ಹೋಗಿ, ಅಜ್ಜಿಯ ಮೊರದ ಮುಂದೆ ಬಗ್ಗಿ ನಮಸ್ಕಾರ ಮಾಡಿದ.